ಸ್ವಂತ ಸೂಜಿ ತಂದ ಟೇಲರ್ ಮಾವ

ಬೀದಿಗೆಲ್ಲ ಟೇಲರ್ ಮಾವನಾಗಿದ್ದ ದರ್ಜಿಯ ಕೈಯಿಂದ ಆ ವಾರ ಮೂರು ಸಲ ಕತ್ತರಿ ಜಾರಿತು. ಮೊದಲೆರಡು ಸಲ ಸುಮ್ಮನೆ ನೆಲಕ್ಕೆ ಬಿತ್ತು. ಮೂರನೇ ಸಲ ಬೀಳುವ ಮುಂಚೆ ಮೇಷ್ಟರ ಹೊಸ ಪ್ಯಾಂಟಿನ ಎಡಗಾಲನ್ನು ಮಂಡಿಗೆ ತಂದು ನಿಲ್ಲಿಸಿತು.

"ಒಂದು ಕಾಲು ಪ್ಯಾಂಟು, ಒಂದು ಕಾಲು ಚಡ್ಡಿ. ಮೇಷ್ಟ್ರು ಯಾವ ಕಾಲು ಮುಂದಿಟ್ಟು ಕ್ಲಾಸಿಗೆ ಹೋಗ್ಬೇಕ್ರೀ?" ಎಂದಳು ಕಾಜಾ ಹೊಲಿಯುತ್ತಿದ್ದ ಹೆಂಡತಿ.

ಮಾವನಿಗೆ ನಗು ಬರಲಿಲ್ಲ. ಕುತ್ತಿಗೆ ಸೆಳೆಯುತ್ತಿತ್ತು, ಬಲಗೈ ಬೆರಳುಗಳು ಜೋಮು ಹಿಡಿದಿದ್ದವು. ಮೂವತ್ತು ವರ್ಷ ಮನೆ ನಡೆಸಿದ ಕೈ ಅದು. ಅದೇ ಹೋದರೆ ಗತಿಯೇನು ಎಂದು ಒಳಗೊಳಗೇ ಹೆದರಿದ್ದ.

"ನನ್ನ ಸೊಂಟನೋವಿಗೆ ಸೂಜಿ ಹಾಕಿದ್ರಲ್ಲ, ಆ ಅಕ್ಯುಪಂಕ್ಚರ್ ಅಕ್ಕನ ಹತ್ರ ಹೋಗೋಣ ಬನ್ನಿ."

"ದಿನವಿಡೀ ಸೂಜಿ ಹಿಡಿಯೋನು ನಾನು. ದುಡ್ಡು ಕೊಟ್ಟು ಚುಚ್ಚಿಸ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ?"

ಅಲ್ಲೇ ಕೂತಿದ್ದ ಹೆಂಡತಿಯ ತಮ್ಮ ಬಾಯಿ ಹಾಕಿದ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಅರ್ಧ ವೈದ್ಯನಾಗಿದ್ದವನು. "ಹೋಗಿ ಭಾವ, ನೈಸರ್ಗಿಕ ಚಿಕಿತ್ಸೆ ಒಳ್ಳೇದು. ಆದ್ರೆ ಮೊದಲು ಮಾತ್ರೆಗೀತ್ರೆ ಎಲ್ಲ ಬಿಡಿ, ಮೈ ಶುದ್ಧ ಆಗ್ಲಿ. ಮತ್ತೆ, ಬೇರೆಯವರಿಗೆ ಚುಚ್ಚಿದ ಸೂಜಿ ಚುಚ್ಚಿಸ್ಕೋಬೇಡಿ."

ಮಾವ ಎರಡೂ ಮಾತನ್ನು ಕಿವಿಯಲ್ಲಿಟ್ಟುಕೊಂಡ. ಧೈರ್ಯ ಬರಲು ಮಾತ್ರ ಮೂರು ವಾರ ಹಿಡಿಯಿತು. ಅಷ್ಟು ಹೊತ್ತಿಗೆ ಬೆರಳಿಗೆ ಗುಂಡಿ ಹಿಡಿಯುವುದೂ ಕಷ್ಟವಾಗಿತ್ತು.

ಅಕ್ಕನ ಕೋಣೆಯಲ್ಲಿ ಒಂದು ಮಂಚ, ಮೂರು ಕುರ್ಚಿ, ಗೋಡೆಗೆ ಎರಡು ಪ್ರಮಾಣಪತ್ರ. ಯಾವ ಬಟ್ಟೆ ಬಂದರೂ ಒಳಮಗ್ಗುಲು ತಿರುವಿ ಹೊಲಿಗೆ ನೋಡದೆ ಮಾವ ಒಪ್ಪಿದವನಲ್ಲ. ಇಲ್ಲೂ ಅದೇ ಚಾಳಿ.

"ಡಾಕ್ಟ್ರಮ್ಮ, ನೀವು ಇದನ್ನ ಎಲ್ಲಿ ಕಲಿತ್ರಿ?"

"ರೀ!" ಎಂದು ಹೆಂಡತಿ ತಿವಿದಳು.

"ಕೇಳ್ಲಿ ಬಿಡಮ್ಮ, ಎಲ್ಲರೂ ಕೇಳ್ಬೇಕು" ಎಂದಳು ಅಕ್ಕ. "ಮೊದಲ್ನೇದಾಗಿ, ನಾನು ಡಾಕ್ಟರಲ್ಲ. ಒಂಬತ್ತು ವರ್ಷ ಆಸ್ಪತ್ರೇಲಿ ನರ್ಸಾಗಿದ್ದೆ. ಆಮೇಲೆ ನಾಲ್ಕು ವರ್ಷ ಇದನ್ನ ಓದಿದೆ, ಎರಡು ವರ್ಷ ಗುರುಗಳ ಕಣ್ಣೆದುರೇ ಸೂಜಿ ಹಾಕಿದೆ. ಇದು ನನ್ನ ನೋಂದಣಿ ಪತ್ರ, ಓದಿ ನೋಡಿ."

"ಮೊದಲ ಸೂಜಿ ಯಾರಿಗೆ ಹಾಕಿದ್ರಿ?"

"ನನಗೇ."

ಮಾವನಿಗೆ ಈ ಉತ್ತರ ಹಿಡಿಸಿತು. ಅವನೂ ಮೊದಲು ಹೊಲಿದದ್ದು ತನ್ನದೇ ಅಂಗಿ, ಅದರಲ್ಲಿ ಒಂದು ತೋಳು ಹೋಗುತ್ತಲೇ ಇರಲಿಲ್ಲ. ಸಮಾಧಾನವಾಗಿ ಜೇಬಿನಿಂದ ಹೊಲಿಗೆ ಸೂಜಿಯ ಒಂದು ಪ್ಯಾಕೆಟ್ಟು ತೆಗೆದು ಮೇಜಿನ ಮೇಲಿಟ್ಟ. "ಏಳನೇ ನಂಬರು, ಹೊಸ ಪ್ಯಾಕೆಟ್ಟು. ನನಗೆ ಇದ್ರಲ್ಲೇ ಚುಚ್ಚಿ."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದ್ರಲ್ಲಿ ಚುಚ್ಚಿದ್ರೆ ನಿಮಗೆ ಕಾಲರ್ ಇಡ್ಬೇಕಾಗತ್ತೆ! ಆದ್ರೆ ನಿಮ್ಮ ಯೋಚನೆ ಸರಿ. ನೋಡಿ, ನನ್ನ ಸೂಜಿ ಕೂದಲಿನಷ್ಟು ಸಣ್ಣ. ಕ್ರಿಮಿಯಿಲ್ಲದ ಹಾಗೆ ಮಾಡಿ ಸೀಲ್ ಹಾಕಿರ್ತಾರೆ. ನಿಮ್ಮ ಮುಂದೇನೇ ಒಡೀತೀನಿ, ಒಂದೇ ಸಲ ಬಳಸಿ ಎಸೀತೀನಿ."

ಆಮೇಲೆ ಅವಳು ಕೇಳಿದ್ದಕ್ಕೆ ಲೆಕ್ಕವಿಲ್ಲ. ನಿದ್ದೆ ಹೇಗಿದೆ, ನೀರೆಷ್ಟು ಕುಡೀತೀರಿ, ಕತ್ತರಿಸೋ ಮೇಜು ಎಷ್ಟೆತ್ತರ, ಎಷ್ಟು ಹೊತ್ತು ಬಗ್ಗಿರ್ತೀರಿ. ನಾಲಿಗೆ ನೋಡಿದಳು, ನಾಡಿ ಹಿಡಿದಳು. ಕೊನೆಗೆ, "ಮಾತ್ರೆ ಏನು ತಗೋತೀರಿ?"

"ಸಕ್ಕರೆ ಕಾಯಿಲೆಗೆ ತಗೋತಿದ್ದೆ. ನಿಮ್ಮ ಹತ್ರ ಬರ್ತೀನಲ್ಲ ಅಂತ ಮೂರು ವಾರದಿಂದ ಬಿಟ್ಟಿದೀನಿ" ಎಂದ ಮಾವ ಹೆಮ್ಮೆಯಿಂದ.

"ಬಿಟ್ಟಿದೀರಾ? ಎಲ್ಲಿಟ್ಟಿದೀರಿ ಮಾತ್ರೆ?" ಹೆಂಡತಿ ಎದ್ದು ನಿಂತಳು.

"ಗುಂಡಿ ಡಬ್ಬೀಲಿ."

"ಅದಕ್ಕೇ ಮೊನ್ನೆ ನನಗೆ ತೂತಿಲ್ಲದ ಬಿಳಿ ಗುಂಡಿ ಸಿಕ್ಕಿದ್ದು!"

ಅಕ್ಕ ಮಾತ್ರ ನಗಲಿಲ್ಲ. ತೆಗೆದಿಟ್ಟಿದ್ದ ಸೂಜಿಗಳನ್ನು ಸೀಲ್ ಒಡೆಯದೆ ವಾಪಸ್ ಒಳಗಿಟ್ಟಳು. "ಇವತ್ತು ಸೂಜಿ ಇಲ್ಲ. ಚೀಟಿ ಬರೆದುಕೊಡ್ತೀನಿ, ಈಗ್ಲೇ ಡಾಕ್ಟ್ರ ಹತ್ರ ಹೋಗಿ."

"ಅಲ್ಲಮ್ಮ, ಮೂರು ವಾರ ಧೈರ್ಯ ಕೂಡಿಸ್ಕೊಂಡು ಬಂದಿದೀನಿ! ಒಂದಾದ್ರೂ ಚುಚ್ಚಿ!"

"ನೈಸರ್ಗಿಕ ಅಂದ್ರೆ ಮಾತ್ರೆ ಬಿಡೋದು ಅಂತ ಯಾರು ಹೇಳಿದ್ದು? ಹೊತ್ತಿಗೆ ಊಟ, ನಿದ್ದೆ, ನೆಟ್ಟಗೆ ಕೂರೋದು, ನೋವಿಗೆ ನನ್ನ ಸೂಜಿ, ಇಷ್ಟೇ ನನ್ನ ಕೆಲಸ. ಸಕ್ಕರೆ ಏರಿ ಬೆರಳಿನ ನರ ಸತ್ರೆ ನನ್ನ ಸೂಜಿ ಅದನ್ನ ಎಬ್ಬಿಸಲ್ಲ ಮಾವ."

ಆ ಮಾತಿಗೆ ಮಾವ ತಣ್ಣಗಾದ. ನೇರ ಆಸ್ಪತ್ರೆಗೆ ನಡೆದ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಮಿತಿಮೀರಿದೆ ಎಂದು ಗದರಿದರು. ಮಾತ್ರೆ ಮತ್ತೆ ಶುರುವಾಯಿತು. "ಈಗ ಬಂದದ್ದು ಒಳ್ಳೇದಾಯ್ತು. ಇನ್ನೂ ತಡ ಮಾಡಿದ್ರೆ ಆ ಕೈ ನಿಮ್ಮ ಮಾತು ಕೇಳ್ತಿರ್ಲಿಲ್ಲ. ಕುತ್ತಿಗೆ ನೋವಿಗೆ ಬೇಕಾದ್ರೆ ಸೂಜಿ ಹಾಕಿಸ್ಕೊಳ್ಳಿ" ಎಂದರು.

ಎರಡು ವಾರ ಕಳೆದು ಮಾವ ಅಕ್ಕನ ಮಂಚದ ಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ ಮಲಗಿದ. "ಚುಚ್ಚೋ ಮುಂಚೆ ಹೇಳಿಬಿಡಿ ತಾಯಿ."

"ಆರು ಹಾಕಿ ಆಯ್ತು ಮಾವ."

ಕುತ್ತಿಗೆ ನೋವು ವಾರ ವಾರಕ್ಕೂ ಇಳಿಯಿತು. ಅಕ್ಕ ಹೇಳಿದಂತೆ ಮಾವ ಮೇಜಿನ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಿದ. ಜೋಮೂ ಮೆಲ್ಲಗೆ ಬಿಟ್ಟಿತು. ಇದರಲ್ಲಿ ಸೂಜಿಯ ಪಾಲೆಷ್ಟು, ಮಾತ್ರೆಯ ಪಾಲೆಷ್ಟು ಎಂದು ಕೇಳಿದರೆ ಅಕ್ಕ, "ಎಲ್ಲಾ ನಂದೇ ಅಂತ ನಾನು ಹೇಳಲ್ಲ" ಎಂದಳು. ಅವಳ ಮೇಲೆ ಮಾವನಿಗೆ ಪೂರ್ತಿ ನಂಬಿಕೆ ಹುಟ್ಟಿದ್ದು ಆಗಲೇ.

ಒಂದು ದಿನ ಭಾವಮೈದುನ ಕುಣಿಯುತ್ತ ಬಂದ. "ಭಾವ, ಮೂರೇ ದಿನದ ವಿಡಿಯೋ ಕೋರ್ಸು! ನಾನೂ ಸೂಜಿ ಹಾಕೋದು ಕಲಿತು ಬೋರ್ಡು ಹಾಕ್ತೀನಿ!"

ಮಾವ ಮಿಷನ್ನು ನಿಲ್ಲಿಸಿದ. "ಮೂರು ವರ್ಷ ನನ್ನ ಪಕ್ಕ ಕೂತು ನೆಟ್ಟಗೆ ಒಂದು ಗುಂಡಿ ಹಾಕೋಕೆ ಬರ್ಲಿಲ್ಲ ನಿನಗೆ. ಬಟ್ಟೆ ಕೆಟ್ರೆ ಬಿಚ್ಚಿ ಹೊಲೀಬಹುದು ಕಣೋ. ಮನುಷ್ಯನ್ನ ಹಾಗೆ ಬಿಚ್ಚಿ ಹೊಲಿಯೋಕಾಗತ್ತಾ?"

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ಸೂಜಿ ಚಿಕಿತ್ಸೆಗೆ ಹೋಗುವುದಾದರೆ ಸಂಕೋಚ ಬಿಟ್ಟು ಕೇಳಿ: ಎಲ್ಲಿ ಓದಿದಿರಿ, ನೋಂದಣಿ ಎಲ್ಲಿದೆ? ಸೂಜಿಯ ಸೀಲು ನಿಮ್ಮ ಕಣ್ಣೆದುರೇ ಒಡೆಯಲಿ. ನುಂಗುವ ಮಾತ್ರೆಗಳ ವಿಷಯ ಮುಚ್ಚಿಡಬೇಡಿ, ಡಾಕ್ಟರನ್ನು ಕೇಳದೆ ಒಂದನ್ನೂ ನಿಲ್ಲಿಸಬೇಡಿ. ಬಲ್ಲವರು ಈ ಪ್ರಶ್ನೆಗಳಿಗೆ ನಗುತ್ತಾ ಉತ್ತರ ಕೊಡುತ್ತಾರೆ. ಕೇಳಿದ ತಕ್ಷಣ ಸಿಡುಕಿದರೆ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೊರಡಿ.