ಕಿತ್ತಿಟ್ಟ ಬಟನ್

ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಅಪ್‌ಡೇಟ್ ಹಾಕುವ ಮುಂಚೆ ಪ್ರಿಂಟರ್, ಡಿಸ್ಕ್, ಸಿಕ್ಕಿಸಿದ್ದೆಲ್ಲ ಕಿತ್ತು ಪಕ್ಕಕ್ಕಿಡಿ ಅಂತ ಎಷ್ಟು ಬಡಕೊಂಡರೂ ಗಿರಾಕಿಗಳ ಕಿವಿಗೆ ಹೋಗುವುದಿಲ್ಲ. ಆಮೇಲೆ ಕೆಟ್ಟು ಕೂತ ಯಂತ್ರ ಹೊತ್ತುಕೊಂಡು ನನ್ನ ಹತ್ತಿರವೇ ಬರುತ್ತಾರೆ. ಹಾಗಾಗಿ ಯಾವ ಕಂಪ್ಯೂಟರ್ ಕೈಗೆ ಸಿಕ್ಕರೂ ಮೊದಲು ವೈರು ಕೀಳುವುದೇ ನನ್ನ ಕೆಲಸ.

ಆ ಭಾನುವಾರ ಅಣ್ಣನ ಕಂಪ್ಯೂಟರಿಗೂ ಹಾಗೇ ಮಾಡಿದೆ. ಅವನಿಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಮಾತು ನಿಂತಿತ್ತು, ಬಲಗೈಯ ತೋರುಬೆರಳೊಂದು ಆಡುತ್ತಿತ್ತು. ಮಂಚದ ಪಕ್ಕದ ಪರದೆಯಲ್ಲಿ ಅಕ್ಷರಗಳು ಒಂದೊಂದಾಗಿ ಬೆಳಗುತ್ತಿದ್ದವು. ಬೇಕಾದ್ದು ಬಂದಾಗ ಬೆರಳಡಿಯ ಬಟನ್ ಒತ್ತುತ್ತಿದ್ದ. ಹಾಗೆ ಅಕ್ಷರಕ್ಕೆ ಅಕ್ಷರ ಪೋಣಿಸಿ ನನ್ನನ್ನು ಬೈಯುತ್ತಿದ್ದ. ದಂಡಪಿಂಡ ಅನ್ನಲು ಐದು ನಿಮಿಷ ಹಿಡಿದರೂ ಬಿಡುತ್ತಿರಲಿಲ್ಲ, ಪುಣ್ಯಾತ್ಮ.

"ಅರ್ಧ ಗಂಟೆ ಬಾಯಿ ಮುಚ್ಕೊಂಡಿರಪ್ಪಾ," ಅಂದು ಬಟನ್ನಿನ ವೈರನ್ನೂ ಕಿತ್ತೆ. ಅವನ ಕಣ್ಣು ನಕ್ಕಿತು.

ಅಪ್‌ಡೇಟ್ ಡೌನ್‌ಲೋಡ್ ಆಗತೊಡಗಿತು. ಆಮೆ ವೇಗ. ಪರದೆಯ ಮೂಲೆಯ ಅಂಕಿಯನ್ನೇ ನೋಡುತ್ತಾ ಕೂತೆ. ಬೆನ್ನ ಹಿಂದೆ ಟಕ್ ಟಕ್ ಸದ್ದು. ಅಣ್ಣ ವೈರು ಕಿತ್ತ ಆ ಬಟನ್ನನ್ನೇ ಒತ್ತುತ್ತಿದ್ದ.

"ಏನೋ ಹೇಳ್ತಿದಾರೆ, ನೋಡೋ," ಅತ್ತಿಗೆ ಅಡುಗೆಮನೆಯಿಂದ ಕೂಗಿದರು.

"ಬೈಯೋಕೆ ಹೊರಟಿದಾನೆ ಅತ್ತಿಗೆ. ಇನ್ನೇನು ಆಗೋಯ್ತು, ತಡ್ಕೊಳ್ಳಲಿ." ತಿರುಗಿ ಕೂಡ ನೋಡಲಿಲ್ಲ. ಥೂ ನನ್ನ ಜನ್ಮಕ್ಕೆ!

ಸದ್ದು ನಿಂತಾಗ ನನಗೆ ನೆಮ್ಮದಿಯೇ ಆಯಿತು. ನೀರು ಕುಡಿಸಲು ಬಂದ ಅತ್ತಿಗೆ ಚೀರಿದಾಗ ತಿರುಗಿದೆ. ಅಣ್ಣನ ತುಟಿ ನೀಲಿಗಟ್ಟಿತ್ತು. ಗಂಟಲಲ್ಲಿ ಕಫ ಸಿಕ್ಕಿಕೊಂಡಿತ್ತು. ಕಫ ಎಳೆಯುವ ಯಂತ್ರ ಮಂಚದ ಕೆಳಗೇ ಇತ್ತು; ಎಷ್ಟೋ ಸಲ ನಾನೇ ಎಳೆದಿದ್ದೇನೆ, ಎರಡು ನಿಮಿಷದ ಕೆಲಸ. ಅವತ್ತು ಎಳೆದರೂ ಉಸಿರು ಬರಲಿಲ್ಲ.

ಪರದೆಯಲ್ಲಿ ಅಕ್ಷರಗಳು ಇನ್ನೂ ಬೆಳಗುತ್ತಲೇ ಇದ್ದವು. ಡೌನ್‌ಲೋಡ್ ಆಗುವಷ್ಟು ಹೊತ್ತೂ ಕಂಪ್ಯೂಟರ್ ಎಂದಿನಂತೆ ಕೆಲಸ ಮಾಡುತ್ತದೆ. ಅದು ಮುಗಿದು ರೀಸ್ಟಾರ್ಟ್ ಮಾಡುವ ಹೊತ್ತಿಗೆ ಬಟನ್ ತೆಗೆದಿದ್ದರೆ ಸಾಕಿತ್ತು. ಇದೇನು ನನಗೆ ಗೊತ್ತಿಲ್ಲದ ವಿಷಯವಲ್ಲ.

ತಿಂಗಳಾದ ಮೇಲೆ ಅತ್ತಿಗೆ ಕೇಳಿದರು: "ಅವತ್ತು ಆ ಬಟನ್ನ ಮೊದಲೇ ತೆಗೀಲೇಬೇಕಿತ್ತಾ?"

ಹೌದು ಅಂದಿದ್ದರೆ ನಂಬುತ್ತಿದ್ದರು. ಆ ಮಾತು ನಾಲಿಗೆ ತುದಿಗೂ ಬಂದಿತ್ತು.

"ಇಲ್ಲ ಅತ್ತಿಗೆ. ರೂಢಿ ಮೇಲೆ ಕಿತ್ತುಬಿಟ್ಟೆ."

ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವತ್ತಿನಿಂದ ನನ್ನ ಜೊತೆ ಒಂದು ಮಾತೂ ಆಡಿಲ್ಲ.