ಚೆಂಡಿನ ಮೇಲೊಂದು ಗೆರೆ

ಅನಂತಲಕ್ಷ್ಮಿಗೆ ಬೇಕಾಗಿದ್ದುದು ಒಂದು ಹೊಲಿಗೆ ಮೆಷಿನ್. ಗಾಲ್ಫ್ ಎಂಬ ಆಟವೊಂದು ಇದೆ ಎಂಬುದೇ ಆ ವರ್ಷದ ದಸರೆಗೆ ಎರಡು ವಾರ ಮೊದಲಿನವರೆಗೆ ಅವಳಿಗೆ ಗೊತ್ತಿರಲಿಲ್ಲ.

ರಾಜಾಜಿನಗರದ ಫ್ಯಾಕ್ಟರಿ ಕ್ವಾರ್ಟರ್ಸಿನ ಮೂರನೆಯ ಸಾಲಿನಲ್ಲಿ ಅವಳ ಮನೆ. ಗಂಡ ಚಕ್ರಪಾಣಿ ಫ್ಯಾಕ್ಟರಿಯಲ್ಲಿ ನಕ್ಷೆ ಬರೆಯುವವನು. ಮೂವರು ಹೆಣ್ಣುಮಕ್ಕಳು, ಕೊನೆಯದಕ್ಕೆ ಎರಡು ವರ್ಷ. ದೀಪಾವಳಿಗೆಂದು ಚಿಕ್ಕಪೇಟೆಯಿಂದ ಹೂವಿನ ಚೀಟಿ ಬಟ್ಟೆಯ ಒಂದು ತಾನನ್ನೇ ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಹೊಲಿಯುವುದು ಅವಳಿಗೆ ಗೊತ್ತು. ಮೆಷಿನ್ ಮಾತ್ರ ಪಕ್ಕದ ಮನೆಯ ಅಂಬುಜಾಳದು.

ಅಂಬುಜಾ ಇಲ್ಲ ಎನ್ನುವವಳಲ್ಲ. ಆದರೆ ಮಧ್ಯಾಹ್ನ ಮೂರರಿಂದ ನಾಲ್ಕು, ಅವಳ ಮನೆಯಲ್ಲೇ ಕೂತು ಹೊಲಿಯಬೇಕು, ಸೂಜಿ ನಮ್ಮದೇ ತರಬೇಕು. ನಾಲ್ಕು ಹೊಡೆದರೆ ಮೆಷಿನ್ನಿನ ಮೇಲೆ ಮರದ ಮುಚ್ಚಳ ಬೀಳುತ್ತಿತ್ತು. ಒಮ್ಮೆ ಒಂದು ತೋಳು ಕೂಡಿಸಿ ಇನ್ನೊಂದು ತೋಳು ಉಳಿದ ಅಂಗಿಯನ್ನು ಮಡಿಸಿಕೊಂಡು ಅನಂತಲಕ್ಷ್ಮಿ ಮನೆಗೆ ಬಂದಿದ್ದಳು. ಸಾಲು ಮನೆಗಳಲ್ಲಿ ಸಾಮಾನು ಕೊಟ್ಟು ಕೈ ಸುಟ್ಟುಕೊಂಡವರಿಗೆ ಅಂಬುಜಾಳ ಕಟ್ಟುನಿಟ್ಟು ಅರ್ಥವಾಗುತ್ತದೆ. ಆದರೂ ಇನ್ನೊಬ್ಬರ ಗಡಿಯಾರ ನೋಡಿಕೊಂಡು ಮೆಷಿನ್ನಿನ ಹಿಡಿ ತಿರುಗಿಸುವವರ ಬೆನ್ನಿಗೆ ಬೇರೆಯದೇ ಒಂದು ನೋವು ಇರುತ್ತದೆ.

ಪ್ರತಿ ವರ್ಷ ಆಯುಧಪೂಜೆಯ ದಿನ ನೌಕರರ ಮನೆಯವರೆಲ್ಲ ಫ್ಯಾಕ್ಟರಿಗೆ ಹೋಗಿ, ಯಂತ್ರಗಳ ಪೂಜೆ ನೋಡಿ, ಪುಳಿಯೋಗರೆ ತಿಂದು ಬರುವುದು ವಾಡಿಕೆ. ಹೆಂಗಸರಿಗೆ ಒಂದು ಆಟವೂ ಇರುತ್ತಿತ್ತು. ಹಿಂದಿನ ವರ್ಷ ಕುರ್ಚಿ ಆಟ ಆಡಿಸಿದ್ದರಿಂದ ಇಬ್ಬರು ಅಧಿಕಾರಿಗಳ ಹೆಂಡತಿಯರು ಸಂಕ್ರಾಂತಿಯವರೆಗೂ ಮಾತು ಬಿಟ್ಟಿದ್ದರು. ಮ್ಯಾನೇಜರ್ ಪುರುಷೋತ್ತಮ ಅವರಿಗೆ ಗಾಲ್ಫಿನ ಹುಚ್ಚು. ಫ್ಯಾಕ್ಟರಿಯ ಹಿಂದಿನ ಖಾಲಿ ಜಾಗದಲ್ಲಿ ಆರು ಗುಣಿ ತೋಡಿಸಿ ಭಾನುವಾರ ಆಡುತ್ತಿದ್ದರು. ಈ ಸಲ ಹೆಂಗಸರು ಚೆಂಡನ್ನು ಗುಣಿಗೆ ಬೀಳಿಸಲಿ, ಗೆದ್ದವರಿಗೆ ಕೈಯಲ್ಲಿ ತಿರುಗಿಸುವ ಹೊಸ ಹೊಲಿಗೆ ಮೆಷಿನ್ ಎಂದು ನೋಟಿಸು ಹಾಕಿಸಿದರು.

ಆ ಸುದ್ದಿ ತಂದವನು ಚಕ್ರಪಾಣಿ. "ನಿಂಗ್ಯಾಕೆ ಅದೆಲ್ಲ, ಅಂಬುಜಮ್ಮ ಕೊಡ್ತಾರಲ್ಲ," ಎಂದು ಅವನು ಕಾಫಿ ಹೀರಿದ. ಅನಂತಲಕ್ಷ್ಮಿ ಒಂದು ತೋಳಿನ ಅಂಗಿಯನ್ನು ತಂದು ಅವನ ಮುಂದೆ ಹರಡಿದಳು.

"ಸರಿ, ಹೆಸರು ಬರೆಸ್ತೀನಿ," ಎಂದ ಚಕ್ರಪಾಣಿ.

ಮರುದಿನ ಬೆಳಿಗ್ಗೆ ಮೊಸರು ತಂದ ಬೋರಮ್ಮನ ಮುಂದೆ ಅವಳು ವಿಷಯ ಎತ್ತಿದಳು. ಬೋರಮ್ಮ ಕೇತಮಾರನಹಳ್ಳಿಯವಳು. ಮೊಸರು ಮಾರಿದ ಮೇಲೆ ಅವಳಿಗೆ ಆ ಗಾಲ್ಫ್ ಜಾಗದಲ್ಲೇ ಕೆಲಸ. ಅಲ್ಲಿ ಗುಣಿಯ ಸುತ್ತ ಹುಲ್ಲಿರಲಿಲ್ಲ, ಎಣ್ಣೆ ಬೆರೆಸಿ ತಟ್ಟಿದ ಮರಳಿತ್ತು. ಆಡಿದವರ ಹೆಜ್ಜೆ ಗುರುತನ್ನು ಗೋಣಿತಾಟು ಎಳೆದು ಅಳಿಸುವುದು ಅವಳ ಕೆಲಸ. ಅದನ್ನು ಅವಳು ಕಣ ಎಂದೇ ಕರೆಯುತ್ತಿದ್ದಳು, ರಾಗಿ ಒಕ್ಕುವ ಕಣದ ಹಾಗೆ.

"ಅಯ್ಯೋ ಅಮ್ಮಾವ್ರೇ, ಅದೇನು ಮಹಾ. ಗಂಡಸ್ರು ಬಗ್ಗಿ ನಿಂತ್ಕೊಂಡು ಹೊತ್ತು ಕಳೀತಾರೆ ಅಷ್ಟೆ. ನಾ ಐದು ವರ್ಸದಿಂದ ನೋಡ್ತಾ ಇವ್ನಿ," ಎಂದಳು ಬೋರಮ್ಮ. "ನಾಳೆ ದೊಣ್ಣೆ ತತ್ತೀನಿ ಬುಡಿ."

ತಂದಳು. ಯಾರೋ ಸಾಹೇಬರು ಬಿಸಾಡಿದ, ಹಿಡಿ ಮುರಿದ ದೊಣ್ಣೆ. ಅವಳ ಮನೆಯಲ್ಲಿ ಅದು ಕೋಳಿಗೂಡಿನ ಬಾಗಿಲಿಗೆ ಊರುಗೋಲಾಗಿತ್ತು. ಮುಳ್ಳುಪೊದೆಯಲ್ಲಿ ಸಿಕ್ಕಿದ ಎರಡು ಚೆಂಡುಗಳೂ ಬಂದವು. ಹಿತ್ತಲಲ್ಲಿ ಡಾಲ್ಡಾ ಡಬ್ಬ ಹೂತು ಗುಣಿ ಮಾಡಿದರು. ಅನಂತಲಕ್ಷ್ಮಿ ಸೆರಗು ಸಿಕ್ಕಿಸಿ ಹೊಡೆದಳು. ಚೆಂಡು ತುಳಸಿಕಟ್ಟೆ ಸುತ್ತಿ ಬಚ್ಚಲ ಮೋರಿಗೆ ಹೋಯಿತು.

ಚಕ್ರಪಾಣಿ ಕಾಗದದ ಮೇಲೆ ಹಿತ್ತಲಿನ ನಕ್ಷೆ ಬರೆದು, ಕೋನ ಅಳೆದು, "ಇಲ್ಲಿಂದ ಏಳು ಡಿಗ್ರಿ ತಿರುಗಿಸು," ಎಂದ.

"ನಿಮ್ಮ ಡಿಗ್ರಿ ನನ್ನ ಕಣ್ಣಿಗೆ ಕಾಣಲ್ವಲ್ಲ," ಎಂದಳು ಅವಳು.

ಮೂರನೆಯ ದಿನ ಅವಳಿಗೆ ಉಪಾಯ ತಾನೇ ಹೊಳೆಯಿತು. ಹತ್ತು ವರ್ಷದಿಂದ ದಿನಾ ಬಾಗಿಲಲ್ಲಿ ರಂಗೋಲಿ ಇಟ್ಟ ಕೈ ಅವಳದು. ಎರಡು ಚುಕ್ಕಿಯ ನಡುವೆ ಎಳೆ ಎಳೆದರೆ ಕೂದಲಷ್ಟೂ ಡೊಂಕು ಬರುತ್ತಿರಲಿಲ್ಲ. ಚೆಂಡಿನಿಂದ ಡಬ್ಬದವರೆಗೆ ಹಿಟ್ಟಿನಲ್ಲಿ ಒಂದು ಎಳೆ ಎಳೆದಳು. ಎಳೆಯ ಮೇಲೇ ಹೊಡೆದಳು. ಚೆಂಡು ಡಬ್ಬಕ್ಕೆ ಬಿದ್ದು ಟಣ್ ಎಂದಿತು. ಅಂದಿನಿಂದ ಹತ್ತಕ್ಕೆ ಎಂಟು ಬೀಳತೊಡಗಿದವು. ಬೋರಮ್ಮ ಸೊಂಟದ ಮೇಲೆ ಕೈಯಿಟ್ಟು, "ಮೆಸಿನ್ನು ನಿಮ್ದೇಯ," ಎಂದು ತೀರ್ಪು ಕೊಟ್ಟಳು.

ಆಯುಧಪೂಜೆಯ ದಿನ ಬಂತು. ಲೇತು, ಡ್ರಿಲ್ಲು, ಲಾರಿ, ಕೊನೆಗೆ ಮ್ಯಾನೇಜರರ ಟೈಪ್‌ರೈಟರಿಗೂ ಕುಂಕುಮ, ಚೆಂಡುಹೂವು. ಬೂದುಗುಂಬಳ ಒಡೆದಾದ ಮೇಲೆ ಹೆಂಗಸರು ಗಾಲ್ಫಿನ ಕಣದ ಸುತ್ತ ನಿಂತರು. ಇಪ್ಪತ್ತೆರಡು ಜನ. ಮೇಜಿನ ಮೇಲೆ ಮೆಷಿನ್, ಅದರ ಕತ್ತಿಗೂ ಒಂದು ಹೂವಿನ ಹಾರ. ಅನಂತಲಕ್ಷ್ಮಿ ಅದನ್ನು ಒಮ್ಮೆ ನೋಡಿ ಮತ್ತೆ ಆ ಕಡೆ ನೋಡದಿರಲು ಪ್ರಯತ್ನಪಟ್ಟಳು.

ನಿಯಮ ಸುಲಭ. ಮೊದಲ ಸುತ್ತಿಗೆ ನಾಲ್ಕು ಅಡಿ, ಎರಡನೆಯದಕ್ಕೆ ಎಂಟು, ಕೊನೆಯದಕ್ಕೆ ಹದಿನೈದು. ಒಂದೊಂದೇ ಹೊಡೆತ. ಗುಣಿಗೆ ಬೀಳಿಸಿದವರು ಮುಂದಕ್ಕೆ, ತಪ್ಪಿದವರು ಪುಳಿಯೋಗರೆಗೆ.

ಅಂಬುಜಾ ಮೊದಲೇ ಹೊಡೆದು ಬೀಳಿಸಿದಳು. "ಎರಡು ಮೆಷಿನ್ ಇಟ್ಕೊಂಡು ಏನು ಮಾಡ್ತೀರಿ?" ಎಂದು ಯಾರೋ ಕೇಳಿದ್ದಕ್ಕೆ, "ಒಂದು ನನ್ನ ತಂಗಿಗೆ. ಬಂದ ಲಕ್ಷ್ಮೀನ ಬೇಡ ಅನ್ನೋಕಾಗುತ್ತಾ?" ಎಂದಳು.

ಅನಂತಲಕ್ಷ್ಮಿಯ ಸರದಿ. ಅವಳು ಮಗುವನ್ನು ಚಕ್ರಪಾಣಿಯ ಕೈಗೆ ಕೊಟ್ಟಳು. ಚೆಂಡಿಟ್ಟಳು. ಸೆರಗಿನ ಗಂಟು ಬಿಚ್ಚಿ, ರಂಗೋಲಿ ಹಿಟ್ಟು ತೆಗೆದು, ಕುಕ್ಕರಗಾಲಲ್ಲಿ ಕೂತು ಚೆಂಡಿನಿಂದ ಗುಣಿಯವರೆಗೆ ನೆಟ್ಟಗೆ ಎಳೆ ಎಳೆದಳು. ಕೈ ಸುಮ್ಮನಿರದೆ ಗುಣಿಯ ಸುತ್ತ ಆರು ದಳದ ಒಂದು ಹೂವನ್ನೂ ಬಿಡಿಸಿತು.

ಸುತ್ತ ನಿಂತವರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಹಬ್ಬದ ದಿನ, ಸಾರಿಸಿದಂತಿರುವ ನೆಲ, ರಂಗೋಲಿ ಇಟ್ಟರು, ಅಷ್ಟೆ. ಮ್ಯಾನೇಜರರು ಮಾತ್ರ ನಗು ಮರೆಸಲು ಬಾಯಿಗೆ ಕೈ ಅಡ್ಡ ಹಿಡಿದು ಬಂದರು.

"ಬಹಳ ಚೆನ್ನಾಗಿದೆ ತಾಯಿ. ಆದರೆ ಈ ಆಟದಲ್ಲಿ ನೆಲದ ಮೇಲೆ ಗುರುತು ಮಾಡೋ ಹಾಗಿಲ್ಲ."

"ಹಾಗಾದ್ರೆ ಔಟಾ ಸಾರ್?" ಎಂದಳು ಅಂಬುಜಾ.

"ಇನ್ನೂ ಹೊಡೆದಿಲ್ಲವಲ್ಲ. ಅಳಿಸಿ ಹೊಡೆಯಲಿ."

ಬೋರಮ್ಮ ಗೋಣಿತಾಟು ಎಳೆದುಕೊಂಡು ಬಂದಳು. ಎಳೆ ಹೋಯಿತು, ಹೂವೂ ಹೋಯಿತು. ಬರೀ ಕಂದು ಮರಳು ಉಳಿಯಿತು. ಅನಂತಲಕ್ಷ್ಮಿಗೆ ಗುಣಿ ಕಾಣುತ್ತಿತ್ತು, ದಾರಿ ಕಾಣುತ್ತಿರಲಿಲ್ಲ. ಇಷ್ಟು ದಿನ ಎಳೆಯನ್ನು ನೋಡಿ ಹೊಡೆದವಳಿಗೆ ಈಗ ಚೆಂಡು ಮತ್ತೆ ಮೋರಿಗೇ ಹೋಗುತ್ತದೆ ಎನ್ನಿಸಿತು.

ಬೋರಮ್ಮ ತಾಟು ಮಡಿಸುತ್ತ ಹತ್ತಿರ ಬಂದಳು. "ನೆಲದ ಮ್ಯಾಗೆ ಬ್ಯಾಡ ಅಂದ್ರೆ ಚೆಂಡಿನ ಮ್ಯಾಗೆ ಎಳ್ಕಳಿ. ಇವ್ರೂ ಚೆಂಡಿನ ಮ್ಯಾಗಿರೋ ಅಕ್ಸರಾನ ಗುಣಿ ಕಡೀಕ್ ತಿರುಗ್ಸಿ ಮಡಗೇ ಹೊಡಿಯೋದು. ನಾ ನೋಡಿಲ್ವಾ."

ಅನಂತಲಕ್ಷ್ಮಿ ಮ್ಯಾನೇಜರರ ಕಡೆ ತಿರುಗಿದಳು. "ಸಾರ್, ಚೆಂಡಿನ ಮೇಲೆ ಗೆರೆ ಎಳ್ಕೋಬಹುದಾ?"

ಮ್ಯಾನೇಜರರು ತಮ್ಮ ಜೇಬಿನಿಂದ ಒಂದು ಚೆಂಡು ತೆಗೆದು ತೋರಿಸಿದರು. ಅದರ ಮೇಲೆ ಅವರ ಹೆಸರಿನ ಮೊದಲ ಅಕ್ಷರ ಶಾಯಿಯಲ್ಲಿತ್ತು. "ನನ್ನದರ ಮೇಲೇ ಬರೆದಿದೆ. ನಿಮ್ಮದನ್ನ ಬೇಡ ಅನ್ನೋಕೆ ನಾನ್ಯಾರು?"

ಗೆರೆ ಎಳೆಯುವುದೇನೋ ಸರಿ, ಉರುಟಾದ ಚೆಂಡಿನ ಮೇಲೆ ನೆಟ್ಟಗೆ ಎಳೆಯುವುದು ಹೇಗೆ? ಚಕ್ರಪಾಣಿ ಆಫೀಸಿಗೆ ಹೋಗಿ ಕಂಪಾಸು ತರುತ್ತೇನೆ ಎಂದ. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಅನಂತಲಕ್ಷ್ಮಿ ಅವನ ಕೈಯಲ್ಲಿದ್ದ ಮಗುವಿನ ಕೈಯಿಂದ ಒಂದು ಬಳೆ ಬಿಡಿಸಿದಳು. ಚೆಂಡನ್ನು ಅದರೊಳಗೆ ತೂರಿಸಿ ನೋಡಿದರೆ, ಅಳತೆ ಕೊಟ್ಟು ಮಾಡಿಸಿದ ಹಾಗೆ ನಡುಮಧ್ಯಕ್ಕೆ ಬಂದು ನಿಂತಿತು. ಪೂಜೆಯ ತಟ್ಟೆಯಿಂದ ಕುಂಕುಮ ತಂದು, ಒಂದು ವೀಳ್ಯದೆಲೆಯ ಮೇಲೆ ಎರಡು ಹನಿ ದೀಪದ ಎಣ್ಣೆಯಲ್ಲಿ ಕಲಸಿ, ಬೆಂಕಿಕಡ್ಡಿಯ ತುದಿಯಿಂದ ಬಳೆಯ ಅಂಚಿಗೆ ತಾಗಿಸಿ ಚೆಂಡಿನ ಸುತ್ತ ಗೆರೆ ಎಳೆದಳು. ಬಳೆ ಸರಿಸಿದಾಗ ಬಿಳಿಯ ಚೆಂಡಿನ ಮೇಲೆ ಕೆಂಪು ಗೆರೆ ಎದ್ದು ಕಂಡಿತು.

"ಚೆಂಡಿಗೂ ನಾಮ ಹಾಕಿಬಿಟ್ರಲ್ಲ, ಪಕ್ಕಾ ಅಯ್ಯಂಗಾರರು ನೀವು," ಎಂದಳು ಅಂಬುಜಾ. ಎಲ್ಲರೂ ನಕ್ಕರು. "ನಾವಾಗಿದ್ರೆ ಅಡ್ಡಕ್ಕೆ ಮೂರು ಎಳೀತಿದ್ವಿ."

"ಉರುಳೋಕೆ ಶುರುವಾದ ಮೇಲೆ ಅಡ್ಡವೂ ಒಂದೇ ಉದ್ದವೂ ಒಂದೇ ಕಣ್ರೀ," ಎಂದಳು ಅನಂತಲಕ್ಷ್ಮಿ. ನಗು ಇನ್ನೂ ಜೋರಾಯಿತು.

ಅವಳು ಗೆರೆಯನ್ನು ಗುಣಿಯ ಕಡೆ ತಿರುಗಿಸಿ ಚೆಂಡಿಟ್ಟಳು. ನೆಲದಲ್ಲಿ ಅಳಿಸಿಹೋದ ಎಳೆ ಈಗ ಅಂಗೈಯಗಲದಲ್ಲಿ ಅವಳೆದುರು ಇತ್ತು. ಹೊಡೆದಳು. ಗೆರೆ ಕಟ್ಟಿದ ದಾರದ ಹಾಗೆ ಅಲುಗಾಡದೆ, ಚೆಂಡು ಉರುಳುತ್ತ ಹೋಗಿ ಗುಣಿಗೆ ಬಿತ್ತು.

ಎಂಟು ಅಡಿಯಲ್ಲೂ ಬಿತ್ತು. ಆದರೆ ಈ ಸಲ ನಡುವಿಗೆ ಬೀಳಲಿಲ್ಲ, ಗುಣಿಯ ಬಲಅಂಚನ್ನು ಸವರಿಕೊಂಡು ಒಳಗೆ ಜಾರಿತು. ಜನ ಚಪ್ಪಾಳೆ ಹೊಡೆಯುತ್ತಿದ್ದಾಗ ಅನಂತಲಕ್ಷ್ಮಿ ಅದನ್ನೇ ಯೋಚಿಸುತ್ತಿದ್ದಳು. ಗೆರೆ ಇಟ್ಟಿದ್ದು ನಡುವಿಗೇ. ಹೊಡೆತವೂ ನೆಟ್ಟಗೇ ಇತ್ತು, ಗೆರೆ ಅಲುಗಲಿಲ್ಲ. ತಪ್ಪು ನನ್ನದಲ್ಲ ಎಂದರೆ ನೆಲದ್ದೇ ಆಗಿರಬೇಕು. ಈ ಕಣ ಬಲಕ್ಕೆ ವಾಲಿದೆ.

ಕೊನೆಯ ಸುತ್ತಿಗೆ ಉಳಿದವರು ಇಬ್ಬರೇ, ಅವಳು ಮತ್ತು ಅಂಬುಜಾ. ಹದಿನೈದು ಅಡಿ ದೂರದಿಂದ ಗುಣಿ ಬಿಲ್ಲೆಯಷ್ಟು ಕಾಣುತ್ತಿತ್ತು. ಇಬ್ಬರೂ ತಪ್ಪಿದರೆ ಗುಣಿಗೆ ಹತ್ತಿರ ನಿಂತ ಚೆಂಡಿಗೆ ಮೆಷಿನ್ ಎಂದರು ಮ್ಯಾನೇಜರರು.

ಮೊದಲು ಹೊಡೆಯಬೇಕಾದ ಅಂಬುಜಾ ಚೆಂಡನ್ನು ಕೈಯಲ್ಲಿ ತಿರುಗಿಸುತ್ತ ನಿಂತಳು. ಆಮೇಲೆ ನಿಧಾನವಾಗಿ ಅನಂತಲಕ್ಷ್ಮಿಯ ಬಳಿ ಬಂದಳು.

"ಆ ಬಳೆ ಒಂದು ನಿಮಿಷ ಕೊಡ್ತೀರಾ?"

ಬಳೆ ಅನಂತಲಕ್ಷ್ಮಿಯ ಬೆರಳಲ್ಲೇ ಇತ್ತು. ಮಗು ಅಳುತ್ತಿದೆ, ಬಳೆ ಅದಕ್ಕೇ ಬೇಕು ಎನ್ನಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಚಕ್ರಪಾಣಿ ಬೇಡ ಎಂದು ಕಣ್ಣಲ್ಲೇ ಹೇಳಿದ. ಮೇಜಿನ ಮೇಲಿನ ಮೆಷಿನ್ನನ್ನು ಅವಳು ಆಗ ಎರಡನೆಯ ಸಲ ನೋಡಿದಳು. ಗೆದ್ದು ಮನೆಗೆ ಒಯ್ದರೂ ನಾಳೆಯಿಂದ ಇದೇ ಅಂಬುಜಾಳ ಪಕ್ಕದಲ್ಲೇ ಬಟ್ಟೆ ಒಣಗಹಾಕಬೇಕು.

"ತಗೊಳ್ಳಿ," ಎಂದಳು. ಒಂದು ನಿಮಿಷ ಎಂಬ ಲೆಕ್ಕವನ್ನು ಹಿಡಿಯಲಿಲ್ಲ. ಕುಂಕುಮ ಕಲಸಿದ ಎಲೆಯನ್ನೂ ಕೊಟ್ಟಳು.

ಅಂಬುಜಾ ಚೊಕ್ಕವಾಗಿ ಗೆರೆ ಎಳೆದು, ಅದನ್ನು ಗುಣಿಯ ನಡುವಿಗೆ ಗುರಿಯಿಟ್ಟು ಹೊಡೆದಳು. ಒಳ್ಳೆಯ ಹೊಡೆತ. ಚೆಂಡು ನೆಟ್ಟಗೆ ಹೋಗಿ, ಕೊನೆಯ ಮೂರು ಅಡಿಯಲ್ಲಿ ಮನಸ್ಸು ಬದಲಾಯಿಸಿದ ಹಾಗೆ ಬಲಕ್ಕೆ ವಾಲಿ, ಗುಣಿಯಿಂದ ಒಂದು ಗೇಣು ಆಚೆ ನಿಂತಿತು.

ಅನಂತಲಕ್ಷ್ಮಿ ಚೆಂಡಿಟ್ಟಳು. ಗೆರೆಯನ್ನು ಗುಣಿಯ ಎಡಕ್ಕೆ, ಒಂದು ಗೇಣಿನಷ್ಟು ಆಚೆಗೆ ತಿರುಗಿಸಿದಳು.

"ಲೇ, ಗುಣಿ ಇರೋದು ಅಲ್ಲಲ್ಲ ಕಣೇ," ಎಂದ ಚಕ್ರಪಾಣಿ.

"ನಂಗೊತ್ತು, ಸುಮ್ನಿರಿ."

ಒಮ್ಮೆ ಉಸಿರು ಬಿಟ್ಟು ಹೊಡೆದಳು. ಚೆಂಡು ಎಡಕ್ಕೇ ಹೋಗುತ್ತಿತ್ತು. ಯಾರೋ "ಅಯ್ಯೋ ಪಾಪ" ಎಂದರು. ಬೋರಮ್ಮ ತಾಟನ್ನು ಬಿಗಿಯಾಗಿ ಹಿಡಿದುಕೊಂಡಳು. ಕೊನೆಯ ಮೂರು ಅಡಿಯಲ್ಲಿ ಚೆಂಡು ವೇಗ ಕಳೆದುಕೊಂಡು ಬಲಕ್ಕೆ ಬಾಗಿತು, ಗುಣಿಯ ಬಾಯಲ್ಲಿ ಒಂದು ಕ್ಷಣ ನಿಂತಿತು, ಒಳಗೆ ಬಿತ್ತು.

ಮ್ಯಾನೇಜರರು ಮೆಷಿನ್ನಿನ ಹಾರ ತೆಗೆದು ಅವಳ ಕೈಗೆ ಕೊಟ್ಟರು. "ಭಾನುವಾರ ನಮ್ಮ ಜೊತೆ ಆಡೋಕೆ ಬನ್ನಿ ತಾಯಿ."

"ಇಲ್ಲ ಸಾರ್, ಹೊಲಿಗೆ ಇದೆ," ಎಂದಳು.

ಚಕ್ರಪಾಣಿ ಮೆಷಿನ್ನನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ ತಳ್ಳಿಕೊಂಡು ನಡೆದ. ಗಾಲಿ ಹಳ್ಳಕ್ಕೆ ಬಿದ್ದಾಗಲೆಲ್ಲ ಅನಂತಲಕ್ಷ್ಮಿ "ನಿಧಾನ" ಎನ್ನುತ್ತಿದ್ದಳು. ಸಂಜೆ ಅಂಬುಜಾ ಬಳೆಯನ್ನು ಸೀಗೆಪುಡಿಯಲ್ಲಿ ತೊಳೆದು ತಂದಳು.

"ಅದು ಬಲಕ್ಕೆ ವಾಲುತ್ತೆ ಅಂತ ಮೊದಲೇ ಹೇಳಬಾರದಿತ್ತೇನ್ರೀ?"

"ನೀವು ಕೇಳಿದ್ದು ಬಳೆ. ಕೊಟ್ಟೆ."

ಅಂಬುಜಾ ಅವಳ ಮುಖವನ್ನೇ ನೋಡಿದಳು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. "ಹೊಸ ಮೆಷಿನ್ನು, ಮೊದಲು ಎಣ್ಣೆ ಬಿಡಬೇಕು. ಎಲ್ಲೆಲ್ಲಿ ಅಂತ ತೋರಿಸ್ತೀನಿ, ಸರೀರಿ," ಎಂದು ಸೆರಗು ಸಿಕ್ಕಿಸಿ ಕೂತಳು.

ದೀಪಾವಳಿಗೆ ಮೂವರು ಹುಡುಗಿಯರಿಗೂ ಹೂವಿನ ಚೀಟಿಯ ಅಂಗಿಯಾಯಿತು. ಬಟ್ಟೆ ಮಿಕ್ಕಿತು. ಅದನ್ನು ಕಂಡ ಬೋರಮ್ಮ ಮೊಸರಿನ ಕುಡಿಕೆ ಇಳಿಸಿ, "ಗುರುದಕ್ಷಿಣೆ ಮಡಗ್ರಿ," ಎಂದಳು. ಅವಳ ಅಳತೆ ತೆಗೆದುಕೊಂಡು ಕುಪ್ಪಸ ಹೊಲಿದದ್ದು ಒಂದೇ ಮಧ್ಯಾಹ್ನದಲ್ಲಿ. ಎರಡು ತೋಳೂ ಅಂದೇ ಕೂಡಿದವು. ಗಂಟೆ ಎಷ್ಟಾಯಿತೆಂದು ಯಾರೂ ನೋಡಲಿಲ್ಲ.