ನಾಲ್ಕು ಗೀಟಿನ ಡಬ್ಬಿ

ಲೆಕ್ಕ ಬಾರದವನನ್ನು ಕ್ಷಮಿಸಬಹುದು. ತಪ್ಪು ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಹತ್ತು ಜನರಿಗೆ ಪಾಠ ಹೇಳುವವನನ್ನು ಏನು ಮಾಡುವುದು? ಅವನು ಸ್ವಂತ ಅಕ್ಕನ ಗಂಡನೂ ಆಗಿದ್ದರೆ ಬಾಯಿಬಿಟ್ಟು ಬೈಯುವಂತೆಯೂ ಇಲ್ಲ.

ಹಣ್ಣಿನ ತಿರುಳಿನ ಆ ಕಾರ್ಖಾನೆಯಲ್ಲಿ ಭಾವ ಮೇಲ್ವಿಚಾರಕ. ಕುದಿಯುವ ನೀರಿನಲ್ಲಿಟ್ಟ ಡಬ್ಬಿಗಳ ಶಾಖ ಅಳೆಯುವುದು ನಾದಿನಿಯ ಕೆಲಸ. ಎಲ್ಲರ ಬಾಯಲ್ಲಿ ಅವಳು ಡಿಗ್ರಿಯಕ್ಕ. ಡಬ್ಬಿ ನೀರಿನಲ್ಲಿದ್ದ ಹತ್ತು ಹತ್ತು ನಿಮಿಷಕ್ಕೂ ಮುಚ್ಚಳದ ಮೇಲೆ ಒಂದು ಗೀಟು ಎಳೆಯುವುದು ಅಲ್ಲಿಯ ರೂಢಿ. ನಾಲ್ಕು ಗೀಟಿಲ್ಲದ ಡಬ್ಬಿ ಈವರೆಗೆ ಹೊರಗೆ ಹೋಗಿರಲಿಲ್ಲ.

ಅಂದು ಬೆಳಿಗ್ಗೆ ಭಾವ ಹೊಸ ಕಾನೂನು ತಂದು ಎಲ್ಲರೆದುರು ಬೋರ್ಡಿನ ಮೇಲೆ ಬರೆದ.

"ಹತ್ತು ನಿಮಿಷಕ್ಕೆ ಇಪ್ಪತ್ತು ಡಿಗ್ರಿಯಿಂದ ಅರವತ್ತಕ್ಕೆ ಬರುತ್ತೆ. ಅಂದ್ರೆ ಇಪ್ಪತ್ತು ನಿಮಿಷಕ್ಕೆ ನೂರು! ಆಸ್ಪತ್ರೆಯವರು ಎರಡರಷ್ಟು ಡಬ್ಬಿ ಕೇಳ್ತಿದ್ದಾರೆ. ಸುಮ್ನೆ ನಲವತ್ತು ನಿಮಿಷ ಯಾಕಮ್ಮ ಕುದಿಸ್ಬೇಕು?"

"ಹಾಗೆ ಏರಲ್ಲ ಭಾವ. ನೀರಿಗೂ ಡಬ್ಬಿಗೂ ಎಷ್ಟು ಅಂತರ ಇದೆಯೋ ಅದಕ್ಕೆ ತಕ್ಕಷ್ಟೇ ವೇಗ. ಅಂತರ ಅರ್ಧ ಆದ್ರೆ ವೇಗಾನೂ ಅರ್ಧ. ಮೊದಲು ನಲವತ್ತು ಏರುತ್ತೆ, ಆಮೇಲೆ ಇಪ್ಪತ್ತು, ಆಮೇಲೆ ಹತ್ತು, ಆಮೇಲೆ ಐದು. ಕ್ರಿಮಿ ಸಾಯೋ ತೊಂಬತ್ತೈದು ಮುಟ್ಟೋಕೆ ನಲವತ್ತು ನಿಮಿಷ ಬೇಕೇ ಬೇಕು."

"ನಿನ್ನ ಪುರಾಣ ಸಾಕು."

ಇಪ್ಪತ್ತು ನಿಮಿಷಕ್ಕೆ ತೆಗೆದ ಡಬ್ಬಿಯನ್ನು ಅವನೆದುರೇ ಕೊರೆದು, ನಡುಮಧ್ಯಕ್ಕೆ ಥರ್ಮಾಮೀಟರ್ ಚುಚ್ಚಿದಳು. ಎಂಬತ್ತು. ಥರ್ಮಾಮೀಟರ್ ಕೆಟ್ಟಿದೆ ಎಂದ. ಹೊಸದು ತಂದಳು. ಎಂಬತ್ತೇ. ಕೈ ಸರಿಯಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಡಬ್ಬಿಗಳು ಹೋಗಬೇಕಾದದ್ದು ಮಕ್ಕಳ ವಾರ್ಡಿಗೆ. ಅವಳ ಸಹಿಯಿಲ್ಲದೆ ಲಾರಿ ಹೊರಡುವಂತಿರಲಿಲ್ಲ.

ಮಧ್ಯಾಹ್ನ ಭಾವ ಅವಳನ್ನು ತನ್ನ ಕೋಣೆಗೆ ಕರೆಸಿದ. "ಸಹಿ ಹಾಕು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ. ಅಕ್ಕನ ಮುಖ ನೋಡಿ ಇಷ್ಟು ದಿನ ಸುಮ್ನಿದ್ದೆ."

ಕೆಲಸ ಹೋದರೆ ಮನೆಯಲ್ಲಿ ಒಲೆ ಹೊತ್ತುವುದು ಹೇಗೆ! ಅವಳ ಕೈ ಪೆನ್ನಿನ ಕಡೆ ಹೋಯಿತು. ಆಗಲೇ ಅವನ ಕುರ್ಚಿಗೆ ನೇತುಹಾಕಿದ್ದ ಚೀಲ ಕಣ್ಣಿಗೆ ಬಿತ್ತು. ಮೊಮ್ಮಗಳಿಗೆಂದು ಮನೆಗೆ ಒಯ್ಯಲು ಇಟ್ಟ ಆರು ಡಬ್ಬಿ. ಇಂದಿನ ರಾಶಿ ಬಿಟ್ಟು ಆರಿಸಿದ್ದ ಎಲ್ಲವೂ ನಿನ್ನೆಯವು. ಆರಕ್ಕೂ ನಾಲ್ಕು ನಾಲ್ಕು ಗೀಟು.

ಅವಳ ಮೈಯೆಲ್ಲ ಉರಿದುಹೋಯಿತು. ಇವನಿಗೆ ಲೆಕ್ಕ ಬಾರದೆಂದಲ್ಲ! ಬೆಳಗಿನಿಂದ ದಡ್ಡನ ವೇಷ ಹಾಕಿ ತನ್ನನ್ನೇ ದಡ್ಡಿ ಮಾಡಿದ್ದ.

ಹೊರಗೆ ಹೋಗಿ ಎರಡು ಗೀಟಿನ ಆರು ಡಬ್ಬಿ ತಂದಳು. ಚೀಲದಲ್ಲಿದ್ದವನ್ನು ಮೇಜಿನ ಮೇಲಿಟ್ಟು, ಇವನ್ನು ತುಂಬಿ ಅವನ ಮುಂದೆ ಹಿಡಿದಳು.

"ಪುಟ್ಟಿಗೆ ಇದನ್ನೇ ತಿನ್ನಿಸಿ ಭಾವ. ಈಗಲೇ ಸಹಿ ಹಾಕ್ತೀನಿ."

ಭಾವ ಚೀಲಕ್ಕೆ ಕೈ ಚಾಚಲಿಲ್ಲ. ಬಾಗಿಲಾಚೆ ಡಬ್ಬಿ ಜೋಡಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು.

"ಆಯ್ತು," ಎಂದು ಗೊಣಗಿದ. "ಇನ್ನೊಂದು ಇಪ್ಪತ್ತು ನಿಮಿಷ ಇಡ್ಸು."

"ಅವೆಲ್ಲ ಆರಿ ತಣ್ಣಗಾಗಿವೆ," ಎಂದಳು ಡಿಗ್ರಿಯಕ್ಕ. "ಮೊದಲಿಂದ ನಲವತ್ತು."